ಆರಡಿ ಕ್ರಿಸ್‌ಮಸ್ ಮರಕ್ಕೆ ಯಾವ ಥೀಮ್? ಮಲೆನಾಡಿನವರು ಹೇಳಿ

ಕೇಳಿದ್ದು, ಶಿವಮೊಗ್ಗದ ವಿನೋಬನಗರದಿಂದ

ಎಲ್ಲರಿಗೂ ನಮಸ್ಕಾರ. ಸ್ವಂತ ಮನೆಗೆ ಬಂದ ಮೇಲೆ ಇದು ಮೊದಲ ಕ್ರಿಸ್‌ಮಸ್. ಹಳೇ ಮನೆಯನ್ನೇ ಕೊಂಡಿದ್ದು, ಹಾಲ್‌ನಲ್ಲಿ ಕಾವಿ ನೆಲ. ಆರಡಿಯ ಪ್ಲಾಸ್ಟಿಕ್ ಮರ ತಂದಾಗಿದೆ. ಇಷ್ಟು ವರ್ಷ ಬಾಡಿಗೆ ಮನೆಯಲ್ಲಿ ಎರಡಡಿ ಮರವನ್ನು ಟಿವಿ ಪಕ್ಕ ಇಟ್ಟು, ಕೈಗೆ ಸಿಕ್ಕಿದ್ದೆಲ್ಲ ನೇತುಹಾಕುತ್ತಿದ್ದೆ. ಈ ಸಲ ಒಂದು ಥೀಮ್ ಇಟ್ಟುಕೊಂಡು ಸ್ವಲ್ಪ ಸ್ಟೈಲಾಗಿ ಮಾಡೋಣ ಅಂತ ಆಸೆ. ಫೋಟೋಗಳಲ್ಲಿ ನೋಡಿದ್ದೆಲ್ಲ ಬಿಳಿ, ಬೆಳ್ಳಿ, ಹಿಮ. ಚೆನ್ನಾಗೇ ಇದೆ, ಆದರೆ ಕಾವಿ ನೆಲದ ಮೇಲೆ ನಿಲ್ಲಿಸಿದರೆ ಆಸ್ಪತ್ರೆ ಥರ ಕಾಣುತ್ತದೇನೋ ಅಂತ ಅನುಮಾನ. ಎರಡು ಸಾವಿರದ ಒಳಗೆ ಮುಗಿಯಬೇಕು. ಮೂರು ವರ್ಷದ ಮಗಳು ಇದ್ದಾಳೆ, ಒಂದು ಬೆಕ್ಕೂ ಇದೆ. ಮಾಡಿ ನೋಡಿದವರು ಹೇಳಿ.

ತೀರ್ಥಹಳ್ಳಿ ಹತ್ತಿರದಿಂದ

ಬಿಳಿ ಥೀಮ್ ಮಾಡಿ ಕೈ ಸುಟ್ಟುಕೊಂಡವಳು ನಾನು. ನಿಜವಾಗಿಯೂ ಸುಟ್ಟುಕೊಂಡವಳು. ಐದಾರು ವರ್ಷದ ಹಿಂದೆ ಎರಡು ರೋಲ್ ಹತ್ತಿ ತಂದು ಕೊಂಬೆಗಳ ಮೇಲೆಲ್ಲ ಹಿಮದ ಹಾಗೆ ಹರಡಿದ್ದೆ. ಅದರೊಳಗೆ ಹಳೇ ಸೀರಿಯಲ್ ಸೆಟ್, ಬಿಸಿಯಾಗುವ ಪುಟ್ಟ ಬಲ್ಬಿನದ್ದು. ರಾತ್ರಿ ಕರೆಂಟ್ ಹೋಗಿ ಬಂತು. ಹತ್ತು ನಿಮಿಷಕ್ಕೆ ಸೀದ ವಾಸನೆ. ನೋಡಿದರೆ ಒಂದು ಕಡೆ ಹತ್ತಿ ಕಂದಾಗಿ ಹೊಗೆಯಾಡುತ್ತಿತ್ತು. ಎಳೆದು ಬಿಸಾಡುವಾಗ ಬೆರಳು ಚುರ್ ಅಂತು. ಅಷ್ಟರಲ್ಲೇ ಮುಗಿಯಿತು, ಪುಣ್ಯ. ಈಗಿನ ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಆದರೂ ಹತ್ತಿ ಬೇಡ ಮಾರಾಯ್ರೆ. ವೈರಿನ ಜಾಯಿಂಟ್ ಎಲ್ಲಾದರೂ ಸಡಿಲ ಇದ್ದರೆ ಅಲ್ಲೇ ಕಿಡಿ.

ಮುಂದಿನ ವರ್ಷ ಮರ ಇಳಿಸುವಾಗ ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿತ್ತು. ಹಿತ್ತಲಲ್ಲಿ ಹೇರಳೆಕಾಯಿ ಹಣ್ಣಾಗಿ ಉದುರುತ್ತಿತ್ತು. ನಮ್ಮ ಡಿಸೆಂಬರ್ ಅಂದರೆ ಇದೇ ಅಲ್ವಾ ಅನ್ನಿಸಿ, ಅದನ್ನೇ ಥೀಮ್ ಮಾಡಿದೆ. ಬಣ್ಣ ಮೂರೇ: ಹಣ್ಣಡಿಕೆಯ ಕಿತ್ತಳೆ, ಅಡಿಕೆ ಹಾಳೆಯ ತಿಳಿಕಂದು, ಅಲ್ಲೊಂದು ಇಲ್ಲೊಂದು ಚಿನ್ನದ ಬಣ್ಣ. ಅಂದಿನಿಂದ ಬದಲಾಯಿಸಿಲ್ಲ.

ಹೇರಳೆಕಾಯಿಯನ್ನು ಕಾಲಿಂಚು ದಪ್ಪಕ್ಕೆ ಅಡ್ಡವಾಗಿ ಬಿಲ್ಲೆ ಮಾಡಬೇಕು. ತೆಳುವಾದರೆ ಮುರುಟಿಕೊಳ್ಳುತ್ತದೆ, ದಪ್ಪವಾದರೆ ಒಳಗೆ ಒಣಗುವುದಿಲ್ಲ. ಬಟ್ಟೆಯಲ್ಲಿ ಒತ್ತಿ ರಸ ತೆಗೆದು, ಮೊರದಲ್ಲಿ ಹರಡಿ ನಾಲ್ಕೈದು ದಿನ ಬಿಸಿಲಿಗಿಡಿ. ದಿನಕ್ಕೊಮ್ಮೆ ಮಗುಚಿ. ಸಂಜೆ ಮಾತ್ರ ಮರೆಯದೆ ಒಳಗೆ ತನ್ನಿ. ನಾನು ಮೊದಲ ಸಲ ಅಂಗಳದಲ್ಲೇ ಬಿಟ್ಟಿದ್ದೆ, ರಾತ್ರಿ ಇಬ್ಬನಿ ಬಿದ್ದು ಎರಡೇ ದಿನಕ್ಕೆ ಬೂಷ್ಟು ಹಿಡಿಯಿತು. ಸರಿಯಾಗಿ ಒಣಗಿದ ಬಿಲ್ಲೆಯ ಹಿಂದೆ ಒಂದು ಬಲ್ಬು ಬರುವಂತೆ ಕಟ್ಟಿ ನೋಡಿ. ಒಳಗಿನ ತೊಳೆಗಳೆಲ್ಲ ಬಣ್ಣದ ಗಾಜಿನ ಹಾಗೆ ಹೊಳೆಯುತ್ತವೆ, ಚರ್ಚಿನ ಕಿಟಕಿ ಥರ. ಪೇಟೆಯಲ್ಲಿರುವವರಿಗೆ ಮಾಮೂಲಿ ಕಿತ್ತಳೆಯೂ ಆಗುತ್ತದೆ. ಓವನ್ ಇದ್ದರೆ 100 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ.

ಹಣ್ಣಡಿಕೆಗೆ ಸಿಪ್ಪೆಯ ಮೇಲ್ಭಾಗದಲ್ಲಿ ದಬ್ಬಳದಿಂದ ತೂತು ಮಾಡಿ ಸೆಣಬಿನ ದಾರ ಪೋಣಿಸುತ್ತೇನೆ. ಹದಿನೈದು ದಿನ ಬಣ್ಣ ಇರುತ್ತದೆ, ಆಮೇಲೆ ಕಂದಾಗುತ್ತದೆ. ಅದೂ ಚಂದವೇ. ಆದರೆ ತೂಕ ಜಾಸ್ತಿ. ಕೊಂಬೆಯ ತುದಿಗೆ ಕಟ್ಟಿದರೆ ಮರ ಸೋತವರ ಹಾಗೆ ಕೈ ಇಳಿಬಿಡುತ್ತದೆ. ಕಾಂಡದ ಹತ್ತಿರವೇ ಕಟ್ಟಿ. (ನಮ್ಮ ಮಾವನವರು ಮರದ ಸುತ್ತ ಒಂದು ಸುತ್ತು ಬಂದು, ನೇತಾಡುವ ಅಡಿಕೆ ಎಣಿಸಿ, ಈಗಿನ ರೇಟಿನಲ್ಲಿ ಎಷ್ಟಾಯಿತು ಅಂತ ಲೆಕ್ಕ ಹೇಳಿದರು. ಜನವರಿಯಲ್ಲಿ ಎಲ್ಲವನ್ನೂ ಬಿಚ್ಚಿ ವಾಪಸ್ ಕೊಟ್ಟೆ.)

ನಕ್ಷತ್ರಗಳಿಗೆ ಅಡಿಕೆ ಹಾಳೆ. ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಕತ್ತರಿಯಲ್ಲಿ ಕತ್ತರಿಸಿ, ಮೇಲೆ ಭಾರ ಇಟ್ಟು ಒಣಗಿಸಿ. ಹಾಳೆ ತಟ್ಟೆ ಮಾಡುವ ಯೂನಿಟ್ ಹತ್ತಿರ ಇದ್ದರೆ ತಟ್ಟೆ ಒತ್ತಿ ಉಳಿದ ಚೂರು ಕೇಳಿ. ನನಗೆ ಒಂದು ಚೀಲ ಸುಮ್ನೆ ಕೊಟ್ಟರು.

ಇನ್ನು ಕಟ್ಟುವ ಕ್ರಮ. ಹೆಚ್ಚಿನವರು ತಪ್ಪುವುದು ಇಲ್ಲೇ. ಪೆಟ್ಟಿಗೆಯಿಂದ ತೆಗೆದ ಮರ ಮಡಚಿದ ಕೊಡೆಯ ಹಾಗಿರುತ್ತದೆ. ಒಂದೊಂದು ಕಡ್ಡಿಯನ್ನೂ ಬಿಡಿಸಿ, ಒಂದು ಮೇಲಕ್ಕೆ, ಒಂದು ಪಕ್ಕಕ್ಕೆ, ಒಂದು ಕೆಳಕ್ಕೆ. ಇದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ದೀಪ. ಮರದ ಹೊರಗೆ ಹಾರದ ಹಾಗೆ ಸುತ್ತಬೇಡಿ. ಕೆಳಗಿನಿಂದ ಶುರು ಮಾಡಿ, ಕಾಂಡದವರೆಗೆ ಒಳಗೆ ಹೋಗಿ ಮತ್ತೆ ಹೊರಗೆ ಬನ್ನಿ. ಆಗ ಮರಕ್ಕೆ ಆಳ ಬರುತ್ತದೆ. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ಜೊತೆಗಾರ ಎಡ್ವರ್ಡ್ ಜಾನ್ಸನ್ ಮೊದಲ ಸಲ ಮರಕ್ಕೆ ಕರೆಂಟ್ ದೀಪ ಹಾಕಿದಾಗ ಇದ್ದದ್ದು 80 ಬಲ್ಬು, ಜನ ಬೆರಗಾಗಿ ನೋಡಿದರಂತೆ. ನಮಗೆ ಆರಡಿಗೆ 300 ಇದ್ದರೂ ಸಾಲದು ಅನ್ನಿಸುತ್ತದೆ. ಕಾವಿ ನೆಲಕ್ಕೆ ಹಳದಿ ಬೆಳಕಿನ ವಾರ್ಮ್ ವೈಟ್ ತೆಗೆದುಕೊಳ್ಳಿ. ನೀಲಿ ಬಿಳಿ ತಂದರೆ ನೀವು ಹೆದರಿದ ಆಸ್ಪತ್ರೆಯೇ ಆಗುತ್ತದೆ. ದೀಪ ಆದ ಮೇಲೆ ದೊಡ್ಡ ಗುಂಡುಗಳು ಒಳಗೆ, ಚಿಕ್ಕವು ತುದಿಗೆ. ಇಷ್ಟದ ನಾಲ್ಕೈದು ವಸ್ತು ಕೊನೆಯಲ್ಲಿ, ಕಣ್ಣಿನ ಎತ್ತರಕ್ಕೆ. ನಡುನಡುವೆ ಹಿಂದೆ ಸರಿದು, ಕಣ್ಣು ಅರೆಮುಚ್ಚಿ ನೋಡಿ. ಎಲ್ಲಿ ಕತ್ತಲೆ ಗುಳಿ ಇದೆ ಅಂತ ತಕ್ಷಣ ಗೊತ್ತಾಗುತ್ತದೆ.

ಕೊಪ್ಪದಿಂದ

ಬೆಕ್ಕಿನ ವಿಷಯಕ್ಕೆ ಬರ್ತೀನಿ. ಮರವನ್ನು ಕಿಟಕಿಯ ಸರಳಿಗೆ ನೈಲಾನ್ ದಾರದಲ್ಲಿ ಕಟ್ಟಿಬಿಡಿ. ನಮ್ಮದು ಎರಡು ಸಲ ಮಗುಚಿದೆ, ಎರಡೂ ಸಲ ಬೆಕ್ಕು ತುದಿಯಲ್ಲೇ ಇತ್ತು. ಹೊಳೆಯುವ ಜರಿ ಎಳೆ ಹಾಕಲೇಬೇಡಿ. ಬೆಕ್ಕು ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ, ಆಪರೇಷನ್ ಮಾಡಿಸಬೇಕಾಗಬಹುದು. ಕೆಳಗಿನ ಎರಡಡಿಗೆ ಒಡೆಯದ ವಸ್ತು ಮಾತ್ರ: ಮರದ ಬುಗುರಿ, ಬಟ್ಟೆ ಗೊಂಬೆ.

ಇನ್ನೊಂದು. ನಮ್ಮ ಕಡೆ ಕೆಲವರು ಕೆಂಪು ಬಣ್ಣಕ್ಕೆ ಅಂತ ಗುಲಗಂಜಿ ಪೋಣಿಸುತ್ತಾರೆ. ನೋಡಲು ತುಂಬಾ ಚೆಂದ, ಆದರೆ ಕಡು ವಿಷ. ಮೂರು ವರ್ಷದ ಮಗು ಇರುವ ಮನೆಗೆ ಬೇಡವೇ ಬೇಡ.

ನಿಜವಾದ ಹಸಿರು ಬೇಕು ಅನ್ನಿಸಿದರೆ ಸ್ವಂತ ಜಾಗದ ಗಾಳಿಮರದ ಕೊಂಬೆಯೋ ಸಿಲ್ವರ್ ಓಕ್ ಸೊಪ್ಪೋ ಸಾಕು, ಕಾಡಿಗೆ ಕತ್ತಿ ಹಿಡಿದು ಹೋಗಬೇಡಿ. ಸಿಲ್ವರ್ ಓಕ್ ಎಲೆಯ ಹಿಂಭಾಗ ತಾನಾಗಿಯೇ ಬೆಳ್ಳಿ ಬಣ್ಣ, ಸ್ಪ್ರೇ ಖರ್ಚಿಲ್ಲ. ಒಳಗೆ ತರುವ ಮೊದಲು ಚೆನ್ನಾಗಿ ಕೊಡವಿ. ನಮ್ಮ ಯಜಮಾನರು ತೋಟದಿಂದ ತಂದ ಕೊಂಬೆಯಲ್ಲಿ ಚಗಳಿ (ಕಚ್ಚುವ ಕೆಂಪಿರುವೆ) ಗೂಡಿತ್ತು. ಅಜ್ಜಿ ಮಾತ್ರ ಖುಷಿಯಾಗಿ ಚಟ್ನಿಗೆ ಆಯಿತು ಅಂದರು. ಉಳಿದವರೆಲ್ಲ ಸೋಫಾ ಮೇಲೆ ಹತ್ತಿ ನಿಂತಿದ್ದೆವು.

ಸಾಗರದಿಂದ

ಕಾವಿ ನೆಲ ಅಂದಿರಿ, ನನಗೆ ಸೀದಾ ಚಿತ್ತಾರದ ನೆನಪು ಬಂತು. ನಮ್ಮ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ ನೋಡಿ, ಬಿದಿರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚದಲ್ಲಿ. ಕೆಂಪು, ಬಿಳಿ ಅಂದರೆ ಕ್ರಿಸ್‌ಮಸ್ ಬಣ್ಣವೂ ಹೌದಲ್ಲ. ಹೋದ ವರ್ಷ ಪಕ್ಕದ ಮನೆಯ ಕ್ರಿಶ್ಚಿಯನ್ ಗೆಳತಿಗೆ ಇದೇ ಥೀಮ್ ಮಾಡಿಕೊಟ್ಟೆ. ಬುಟ್ಟಿ ಹೆಣೆಯುವವರ ಹತ್ತಿರ ಮುಷ್ಟಿಗಾತ್ರದ ಬುಟ್ಟಿಗಳನ್ನು ಹೇಳಿ ಮಾಡಿಸಿದೆವು, ಇಪ್ಪತ್ತನಾಲ್ಕು. ಕೆಮ್ಮಣ್ಣು ಎರಡು ಕೋಟ್. ಬಿಳಿಗೆ ಮೊದಲು ಅಕ್ಕಿ ಹಿಟ್ಟನ್ನೇ ಬಳಸಿದೆ. ಬೆಳಗ್ಗೆ ನೋಡಿದರೆ ಇರುವೆ ಸಾಲು, ಅರ್ಧ ಗೆರೆ ಮಾಯ! ಆಮೇಲೆ ಫ್ಯಾಬ್ರಿಕ್ ಪೇಂಟ್‌ನಲ್ಲಿ ಬರೆದೆ. ಮದುವೆಯ ಹಸೆ ಗೋಡೆಗೆ ಬರೆಯುವ ಚಿತ್ರ ತೆಗೆದುಕೊಳ್ಳಲಿಲ್ಲ, ಅದಕ್ಕೆ ಅದರದ್ದೇ ಜಾಗ ಇದೆ. ಅಂಚಿನ ಗೆರೆ, ಚೌಕುಳಿ, ಇಷ್ಟೇ. ಬುಟ್ಟಿಗಳನ್ನು ಬಿಟ್ಟರೆ ಮರದ ಮೇಲೆ ಬೇರೇನೂ ಇರಲಿಲ್ಲ, ದೀಪ ಮಾತ್ರ. ಬುಟ್ಟಿ ಹಗುರ, ಬಿದ್ದರೆ ಒಡೆಯುವುದಿಲ್ಲ, ಮಗುವಿಗೂ ಬೆಕ್ಕಿಗೂ ಅಂಜಬೇಕಿಲ್ಲ.

ಹತ್ತಾರು ಬಗೆಯ ವಸ್ತು ಕೊಳ್ಳುವ ಬದಲು ಒಂದೇ ವಸ್ತು ಇಪ್ಪತ್ತು ಇದ್ದರೆ ಮರ ತುಂಬಿದ ಹಾಗೆ ಕಾಣುತ್ತದೆ. ಬಜೆಟ್ಟಿಗೂ ಅದೇ ಒಳ್ಳೆಯದು.

ಶಿವಮೊಗ್ಗದಿಂದಲೇ ಒಬ್ಬರು ಹಿರಿಯರು

ನಾನು ಥೀಮ್ ಪಾರ್ಟಿ ಅಲ್ಲ. ನಮ್ಮ ಮನೆಯ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ) ಬೊಂಬೆಗಳು ಶಿವಮೊಗ್ಗ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಆದ 1988ಕ್ಕಿಂತ ಹಳೆಯವು. ಒಂದು ಕುರಿಗೆ ಕಿವಿ ಇಲ್ಲ, ಒಬ್ಬ ಕುರುಬನಿಗೆ ಮೂಗಿಲ್ಲ. ಮೊಮ್ಮಗಳು ಮೂರು ವರ್ಷದ ಹಿಂದೆ ರೋಸ್ ಗೋಲ್ಡ್ ಥೀಮ್ ಅಂತ ಹಳೇ ಗುಂಡುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದಳು. ಮರ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಆದರೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ತಟ್ಟೆ ಹಿಡಿದು ಬಂದ ನೆಂಟರು ಒಬ್ಬರೂ ಅದರ ಹತ್ತಿರ ನಿಲ್ಲಲಿಲ್ಲ. ಮೊದಲೆಲ್ಲ "ಇದು ನಾನು ಕೊಟ್ಟಿದ್ದಲ್ವಾ" ಅಂತ ಹುಡುಕುತ್ತಿದ್ದರು. ಈಗ ರಾಜಿ ಆಗಿದೆ: ಮುಂಭಾಗ ಅವಳ ಥೀಮ್, ಗೋಡೆ ಕಡೆಯ ಬೆನ್ನಿಗೆ ನನ್ನ ಹಳೆಯವು. ನೆಂಟರು ಬಂದಾಗ ಮರ ತಿರುಗಿಸುತ್ತೇವೆ.

ಇಷ್ಟರ ಮೇಲೂ ಬಣ್ಣ ಬೇಕೆಂದರೆ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರದ, ನೇರಳೆ, ಗುಲಾಬಿ ಇದೆ. ನಾಲ್ಕು ಭಾನುವಾರ ಅದನ್ನಿಟ್ಟು, 24ರ ರಾತ್ರಿ ರಿಬ್ಬನ್ ಬಿಚ್ಚಿ ಬಿಳಿ, ಚಿನ್ನದ್ದು ಕಟ್ಟಿ. ಒಂದೇ ಮರ, ಎರಡು ಥೀಮ್. ಜನವರಿ 6ರವರೆಗೆ ತೆಗೆಯಬೇಡಿ. ಬಾಲ ಯೇಸುವನ್ನು ಹುಡುಕಿ ಬಂದ ಮೂರು ಜ್ಞಾನಿಗಳ ಹಬ್ಬ ಅಂದು, ಅವರೂ ಬಂದು ನೋಡಬೇಕಲ್ಲ.

ಹೊಸನಗರದಿಂದ

ತೆಗೆದಿಡುವ ಬಗ್ಗೆ ಯಾರೂ ಹೇಳಲಿಲ್ಲ. ಅಟ್ಟದಲ್ಲಿ ರಟ್ಟಿನ ಡಬ್ಬದಲ್ಲಿಟ್ಟರೆ ನಮ್ಮ ಮಳೆಗಾಲದಲ್ಲಿ ಕತೆ ಮುಗಿಯಿತು. ಗುಂಡುಗಳ ಬೆಳ್ಳಿ ಬಣ್ಣ ಹುಪ್ಪಳೆ ಎದ್ದು ಉದುರುತ್ತದೆ. ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬ, ಒಳಗೆ ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ. ದೀಪದ ಸರವನ್ನು ರಟ್ಟಿನ ತುಂಡಿಗೆ ಸುತ್ತಿಡಿ. ಒಣಗಿದ ಹೇರಳೆ ಬಿಲ್ಲೆ ಇಡಬೇಡಿ, ಹುಳ ಬೀಳುತ್ತದೆ. ಹಂಡೆ ಒಲೆಗೆ ಹಾಕಿ, ಬಚ್ಚಲೆಲ್ಲ ಘಮ್ ಅನ್ನುತ್ತದೆ.

ಮತ್ತೆ ವಿನೋಬನಗರದಿಂದ

ಎಲ್ಲರಿಗೂ ಥ್ಯಾಂಕ್ಸ್. ಸಾಗರದ ಅಕ್ಕನ ಕೆಂಪು ಬಿಳಿ ಬುಟ್ಟಿ, ತೀರ್ಥಹಳ್ಳಿಯವರ ಹಾಳೆ ನಕ್ಷತ್ರ, ಎರಡೇ ಇಟ್ಟುಕೊಂಡೆ. ಹೇರಳೆ ಬಿಲ್ಲೆ ಆರು ಮಾಡಿದ್ದೆ, ನಾಲ್ಕು ಇರುವೆ ಪಾಲು. ಒಟ್ಟು 1,640 ರೂಪಾಯಿ ಆಯಿತು, ಅದರಲ್ಲಿ ಅರ್ಧ ದೀಪಕ್ಕೇ. ಮರವನ್ನು ಕಿಟಕಿಗೆ ಕಟ್ಟಿದ್ದೇನೆ. ಬೆಕ್ಕಿಗೆ ಮರ ಬೇಡವಾಗಿದೆ, ಅದು ಬಂದ ಖಾಲಿ ಪೆಟ್ಟಿಗೆಯೊಳಗೆ ಮಲಗುತ್ತಿದೆ. ಮಗಳು ಮಾತ್ರ ತನ್ನ ಒಂದು ಚಪ್ಪಲಿಯನ್ನು ಕೆಳಗಿನ ಕೊಂಬೆಗೆ ಸಿಕ್ಕಿಸಿದ್ದಾಳೆ. ತೆಗೆದರೆ ಅಳು. ಕೆಂಪು ಚಪ್ಪಲಿ, ಹಾಗಾಗಿ ಬಿಟ್ಟಿದ್ದೇನೆ.