ನೋವಿಲ್ಲ, ರಕ್ತ ಮಾತ್ರ ಬರುತ್ತಿದೆ: ವಸಡಿನ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನನಗೆ 38 ವರ್ಷ. ಕೆಲವು ತಿಂಗಳಿಂದ ಹಲ್ಲುಜ್ಜುವಾಗ ರಕ್ತ ಬರುತ್ತಿದೆ, ನೋವಿಲ್ಲ. ಆ ಭಾಗಕ್ಕೆ ಬ್ರಷ್ ತಾಗಿಸುವುದನ್ನು ಬಿಟ್ಟು ಲವಂಗದ ಎಣ್ಣೆ ಹಚ್ಚುತ್ತಿದ್ದೇನೆ. ಸಾಕೇ?

ಉತ್ತರ (ವಸಡು ತಜ್ಞೆ): ಸಾಲದು. ರಕ್ತ ಕಂಡ ಕೂಡಲೇ ಬ್ರಷ್ ದೂರವಿಡುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ದಿನಕ್ಕೊಬ್ಬರಾದರೂ ಇದನ್ನೇ ಹೇಳುತ್ತಾರೆ. ಮಾಡಬೇಕಾದದ್ದು ಇದರ ತದ್ವಿರುದ್ಧ. ಹಲ್ಲು ಮತ್ತು ವಸಡು ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾಗಳ ಅಂಟು ಪದರ ಕೂರುತ್ತದೆ; ಅದೇ ಪ್ಲಾಕ್. ಅದನ್ನು ಎದುರಿಸಲು ದೇಹ ಅಲ್ಲಿಗೆ ಹೆಚ್ಚು ರಕ್ತ ಹರಿಸುತ್ತದೆ. ವಸಡು ಕೆಂಪಾಗಿ ಊದಿಕೊಂಡು, ಮುಟ್ಟಿದರೆ ಸಾಕು ಒಸರುತ್ತದೆ. 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದಿದೆ. ಡೆನ್ಮಾರ್ಕಿನಲ್ಲಿ ವಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೂರು ವಾರಗಳೊಳಗೆ ಎಲ್ಲರಿಗೂ ವಸಡಿನ ಉರಿಯೂತ ಬಂತು. ಮತ್ತೆ ಉಜ್ಜತೊಡಗಿದ ಮೇಲೆ ಒಂದು ವಾರದ ಆಸುಪಾಸಿನಲ್ಲಿ ಇಳಿಯಿತು. ಆದ್ದರಿಂದ ಮೆತ್ತನೆಯ ಬ್ರಷ್ ಹಿಡಿದು ಅಲ್ಲೇ ಉಜ್ಜಿ. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ಹಲ್ಲಿನ ವೈದ್ಯರಿಗೆ ತೋರಿಸಿ. ಲವಂಗದ ಎಣ್ಣೆ ನೋವನ್ನು ಮರೆಸುತ್ತದೆ, ಪ್ಲಾಕ್ ತೆಗೆಯುವುದಿಲ್ಲ. ನಿಮಗೆ ನೋವೂ ಇಲ್ಲವಲ್ಲ!

ಪ್ರಶ್ನೆ: ತಂದೆಗೆ 57 ವರ್ಷ, ಸಕ್ಕರೆ ಕಾಯಿಲೆಯಿದೆ, ಬೀಡಿ ಸೇದುತ್ತಾರೆ. ರಕ್ತ ಬರುವುದಿಲ್ಲ, ಆದರೆ ಕೆಳಗಿನ ಮುಂದಿನ ಹಲ್ಲುಗಳು ಅಲ್ಲಾಡುತ್ತಿವೆ. ಕ್ಲೀನಿಂಗ್ ಮಾಡಿಸಿದರೆ ಇನ್ನಷ್ಟು ಸಡಿಲವಾಗುತ್ತವೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ.

ಉತ್ತರ: ಬೀಡಿ ಸೇದುವವರಲ್ಲಿ ವಸಡಿನ ರಕ್ತಸ್ರಾವ ಕಡಿಮೆ ಕಾಣುತ್ತದೆ. ಹಾಗಾಗಿ ರೋಗ ಒಳಗೇ ಬೆಳೆದರೂ ಸುಳಿವು ಸಿಗುವುದಿಲ್ಲ. ಉಜ್ಜದೆ ಉಳಿದ ಪ್ಲಾಕ್, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಗಟ್ಟಿ ಕಿಟ್ಟವಾಗುತ್ತದೆ. ನಾಲಗೆಯಡಿಯಲ್ಲಿ ಜೊಲ್ಲು ಗ್ರಂಥಿಗಳ ನಾಳಗಳು ತೆರೆದುಕೊಳ್ಳುವುದರಿಂದ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲೇ ಅದು ಹೆಚ್ಚು. ಕಿಟ್ಟದ ಮೇಲೆ ಮತ್ತೆ ಪ್ಲಾಕ್ ಕೂತು ಉರಿಯೂತ ಬೇರಿನತ್ತ ಇಳಿದರೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತದೆ. ಅಲ್ಲಾಟ ಶುರುವಾಗುವುದು ಇಲ್ಲಿಂದ.

ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುವುದಿಲ್ಲ. ಮೂಳೆ ಕರಗಿದ ಜಾಗವನ್ನು ಕಿಟ್ಟ ಸಿಮೆಂಟಿನಂತೆ ತುಂಬಿಕೊಂಡಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಬಯಲಾಗುತ್ತದೆ, ಸಂದುಗಳು ಕಾಣುತ್ತವೆ, ಕೆಲವು ದಿನ ತಣ್ಣೀರು ಜುಮ್ಮೆನ್ನಿಸುತ್ತದೆ. ಪಕ್ಕದ ಮನೆಯವರು ಕಂಡಿರುವುದು ಬಹುಶಃ ಇದನ್ನೇ.

ವೈದ್ಯರು ಹಲ್ಲು ಮತ್ತು ವಸಡಿನ ನಡುವಿನ ಆಳವನ್ನು ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಸಹಜ. ಅದಕ್ಕಿಂತ ಆಳವಿದ್ದು ಮೂಳೆಯೂ ಕರಗಿದ್ದರೆ ಬೇರಿನ ಮೇಲ್ಮೈಯನ್ನೂ ಶುಚಿ ಮಾಡಬೇಕಾಗುತ್ತದೆ. ಕರಗಿದ ಮೂಳೆ ಸಾಮಾನ್ಯವಾಗಿ ತಾನಾಗಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಬೇಗ ಹಾಳಾಗುತ್ತದೆ, ವಸಡಿನ ಸೋಂಕು ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ. ಆದ್ದರಿಂದ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತಿಳಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯ ವರದಿಯನ್ನೂ ಹಲ್ಲಿನ ವೈದ್ಯರಿಗೆ ತೋರಿಸಿ. ಬೀಡಿ ಬಿಡದೆ ಚಿಕಿತ್ಸೆಯಿಂದ ಪೂರ್ಣ ಫಲ ಸಿಗದು. ಈ ಮಾತು ತಂದೆಯವರಿಗೆ ಹಿಡಿಸುವುದಿಲ್ಲ, ಆದರೂ ಹೇಳಿ.

ಪ್ರಶ್ನೆ: ಐದು ತಿಂಗಳ ಗರ್ಭಿಣಿ. ವಸಡು ಊದಿದೆ. ಹೆರಿಗೆಯವರೆಗೆ ಕಾಯಬೇಕೇ?

ಉತ್ತರ: ಬೇಡ. ಹಾರ್ಮೋನುಗಳಿಂದಾಗಿ ಈಗ ಸ್ವಲ್ಪ ಪ್ಲಾಕ್ ಇದ್ದರೂ ವಸಡು ಅತಿಯಾಗಿ ಊದುತ್ತದೆ. ಕ್ಲೀನಿಂಗ್ ಮಾಡಿಸಿಕೊಳ್ಳಲು ನಾಲ್ಕರಿಂದ ಆರನೆಯ ತಿಂಗಳು ಅನುಕೂಲದ ಸಮಯ. ಗರ್ಭಿಣಿ ಎಂಬುದನ್ನು ಮೊದಲೇ ತಿಳಿಸಿ.

ಪ್ರಶ್ನೆ: ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತೇನೆ. ವಸಡು ಹಲ್ಲಿನ ಮೇಲೆ ಬೆಳೆಯುತ್ತಿದೆ. ಸಂಬಂಧ ಇದೆಯೇ?

ಉತ್ತರ: ಇರಬಹುದು. ಅಪಸ್ಮಾರದ ಔಷಧಿ ಫೆನಿಟಾಯಿನ್‌ಗೂ ಈ ಅಡ್ಡಪರಿಣಾಮವಿದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬದಲಿಸುವ ತೀರ್ಮಾನ ಅದನ್ನು ಬರೆದ ವೈದ್ಯರದು. ಬಾಯಿ ಶುಚಿಯಾಗಿದ್ದರೆ ಈ ಬೆಳವಣಿಗೆ ಕಡಿಮೆಯಿರುತ್ತದೆ.

ಪ್ರಶ್ನೆ: ಇದ್ದಿಲು ಮತ್ತು ಉಪ್ಪು ಹಾಕಿ ಬೆರಳಿನಿಂದ ಉಜ್ಜುತ್ತೇವೆ. ಜೊತೆಗೆ ಮೌತ್‌ವಾಶ್ ಇದ್ದರೆ ಸಾಕಲ್ಲವೇ?

ಉತ್ತರ: ಪುಡಿ ಹಲ್ಲನ್ನು ಸವೆಸುತ್ತದೆ, ಬೆರಳು ಸಂದಿಗೆ ಇಳಿಯುವುದಿಲ್ಲ. ಬ್ರಷ್ಷನ್ನು 45 ಡಿಗ್ರಿ ಓರೆಯಾಗಿ ವಸಡಿನ ಅಂಚಿಗೆ ಹಿಡಿದು ಸಣ್ಣದಾಗಿ ಆಡಿಸಿ, ಎರಡು ನಿಮಿಷ, ದಿನಕ್ಕೆ ಎರಡು ಬಾರಿ. ರಾತ್ರಿಯದನ್ನು ತಪ್ಪಿಸಬೇಡಿ. ಸಂದುಗಳಿಗೆ ಫ್ಲಾಸ್ ದಾರ. ಸಂದು ಅಗಲವಾಗಿದ್ದರೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅನ್ನು ವೈದ್ಯರು ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಮಾತ್ರ ಬರೆಯುತ್ತಾರೆ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಊಟದ ರುಚಿಯೂ ಕೆಡುತ್ತದೆ.