ತಮ್ಮನ ದವಡೆ ಮುರಿದಿದೆ, ಕಂಪ್ಯೂಟರ್ ಮಾಡೆಲ್ ಬೇಕೇಬೇಕಾ?

ಸಾಗರದಕ್ಕ:
ತಮ್ಮ ಮೊನ್ನೆ ರಾತ್ರಿ ಬೈಕಿನಿಂದ ಬಿದ್ದ. ಕೆಳದವಡೆ ಎಡಗಡೆ ಮೂರು ಚೂರು. ಪೆಟ್ಟು ಬಿದ್ದದ್ದು ಗದ್ದಕ್ಕೆ, ಆದರೆ ಬಲಗಡೆ ಕಿವಿ ಹತ್ತಿರವೂ ಮುರಿದಿದೆಯಂತೆ! ಮೂಳೆಯನ್ನು ಮೊದಲು ಕಂಪ್ಯೂಟರಿನಲ್ಲಿ ಜೋಡಿಸಿ, ದವಡೆಯ 3ಡಿ ಪ್ರಿಂಟ್ ತೆಗೆದು, ಆಮೇಲೆ ಆಪರೇಷನ್ ಎನ್ನುತ್ತಿದ್ದಾರೆ. ಅದಕ್ಕೆ ಬೇರೆ ದುಡ್ಡು, ಎರಡು ದಿನ ಕಾಯಬೇಕು. ಸುಮ್ನೆ ಬಿಲ್ ಏರಿಸುತ್ತಿದ್ದಾರಾ?

ಪ್ಲಾಸ್ಟರ್ ಕೈ:
ಅಕ್ಕಾ, ನಾನು ಡಾಕ್ಟರಲ್ಲ. ಹಲ್ಲಿನ ಲ್ಯಾಬಿನಲ್ಲಿ ಇಂಥ ಮಾಡೆಲ್ ಮಾಡುವವನು. ದವಡೆ ಬಳೆ ಇದ್ದ ಹಾಗೆ, ಎಷ್ಟೋ ಸಲ ಎರಡು ಕಡೆ ಒಡೆಯುತ್ತದೆ.

ಒಂದೇ ಬಿರುಕಾಗಿದ್ದರೆ ನಾನೇ ಬೇಡ ಎನ್ನುತ್ತಿದ್ದೆ. ಹಲ್ಲು ಕೂಡಿಸಿ ತಂತಿ ಬಿಗಿದು, ಸಣ್ಣ ಟೈಟಾನಿಯಂ ಪ್ಲೇಟ್ ಹಾಕುತ್ತಾರೆ. ಯಾವ ಗೆರೆಯ ಮೇಲೆ ಹಾಕಬೇಕೆಂದು ಫ್ರಾನ್ಸಿನ ಸರ್ಜನ್ ಶಾಂಪಿ 1970ರ ದಶಕದಲ್ಲೇ ತೋರಿಸಿದ್ದಾರೆ.

ಚೂರಾದಾಗ ಕಥೆ ಬೇರೆ. ಸಿಟಿ ಸ್ಕ್ಯಾನಿನಿಂದ ಒಂದೊಂದು ಚೂರಿಗೆ ಒಂದೊಂದು ಬಣ್ಣ ಕೊಟ್ಟು ಬಿಡಿಸುತ್ತೇವೆ. ಚೆನ್ನಾಗಿರುವ ಪಕ್ಕವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಅದರ ಮೇಲೆ ಚೂರುಗಳನ್ನು ಕೂರಿಸುತ್ತೇವೆ. ಪ್ರಿಂಟಾದ ದವಡೆಯ ಮೇಲೆ ದಪ್ಪ ಪ್ಲೇಟನ್ನು ಮೊದಲೇ ಬಗ್ಗಿಸಿ ಇಡಬಹುದು. ಇಲ್ಲದಿದ್ದರೆ ಬಗ್ಗಿಸು, ಇಟ್ಟು ನೋಡು, ಮತ್ತೆ ಬಗ್ಗಿಸು, ಇಷ್ಟೂ ನಿಮ್ಮ ತಮ್ಮನನ್ನು ಮೇಜಿನ ಮೇಲೆ ಮಲಗಿಸಿಕೊಂಡೇ ಆಗಬೇಕು.

ಆದರೆ ಒಂದು ಮಾತು. ಬಲಗಡೆಯೂ ಮುರಿದಿದೆಯಲ್ಲ, ಕನ್ನಡಿಯಿಂದ ಮೂಳೆಯ ಆಕಾರ ಸಿಗುತ್ತದೆ, ದವಡೆಯ ಅಗಲ ಸಿಗುವುದಿಲ್ಲ. ಅಗಲ ಹೇಳುವುದು ಮೇಲಿನ ಹಲ್ಲು. ಸ್ಕ್ಯಾನಿನಲ್ಲಿ ಹಲ್ಲಿನ ಮೇಲ್ಮೈ ಅಷ್ಟು ನಿಖರವಾಗಿ ಬರುವುದಿಲ್ಲ, ಬೆಳ್ಳಿ ಫಿಲ್ಲಿಂಗ್ ಇದ್ದರಂತೂ ಬರೀ ಗೀಟು. ಹಾಗಾಗಿ ಹಲ್ಲಿನ ಅಚ್ಚು ಬೇರೆ ತೆಗೆದಿದ್ದಾರಾ ಕೇಳಿ. ಸ್ಕ್ಯಾನಿನ ಒಂದೊಂದು ಪದರದ ದಪ್ಪ 1 ಮಿ.ಮೀ. ಒಳಗಿದೆಯಾ ಅಂತಲೂ ಕೇಳಿ. ಒಮ್ಮೆ 3 ಮಿ.ಮೀ. ಪದರದ ಸ್ಕ್ಯಾನ್ ಕಳಿಸಿದ್ದರು. ಪ್ರಿಂಟ್ ತೆಗೆದರೆ ದವಡೆಯಲ್ಲ, ಮೆಟ್ಟಿಲು. ಪ್ಲೇಟ್ ಕೂರಲೇ ಇಲ್ಲ. ವಾಪಸ್ ಕಳಿಸಿ ಬೈಸಿಕೊಂಡೆ.

ಗಂಜಿ ಗಿರಾಕಿ:
ನನ್ನದು ಒಂದೇ ಬಿರುಕು, ಮಾಡೆಲ್ ಗೀಡೆಲ್ ಇರಲಿಲ್ಲ. ಈಗ ಚಕ್ಕುಲಿ ತಿನ್ನುತ್ತಿದ್ದೇನೆ. ಅಕ್ಕಾ, ಮಿಕ್ಸಿ ರೆಡಿ ಇಡಿ. ರಾಗಿ ಗಂಜಿ ಸೋಸಿ ಕೊಡಿ, ಗಂಟು ಸಿಕ್ಕಿದರೆ ಸ್ಟ್ರಾ ಕಟ್ಟಿಕೊಂಡು ಸಿಟ್ಟೆಲ್ಲ ನಿಮ್ಮ ಮೇಲೆ ಬರುತ್ತದೆ.

ಸಾಗರದಕ್ಕ:
ಕೇಳಿದೆ. ಪದರ 0.6 ಅಂತೆ. ಅಚ್ಚು ತೆಗೆದಿರಲಿಲ್ಲ, ನಾಳೆ ಬೆಳಿಗ್ಗೆ ತೆಗೆಯುತ್ತಾರೆ. ತಮ್ಮ ಚೀಟಿಯಲ್ಲಿ ಬರೆದು ಕೇಳುತ್ತಿದ್ದಾನೆ: ‘ಪ್ರಿಂಟ್ ಆದ ದವಡೆ ಮನೆಗೆ ಕೊಡ್ತಾರಾ?’

ಪ್ಲಾಸ್ಟರ್ ಕೈ:
ಕೇಳಿದರೆ ಕೊಡಬಹುದು. ನಮಗೆ ಇಟ್ಟುಕೊಳ್ಳಲು ಜಾಗವಿಲ್ಲ.