ಆಲ್ಫಾ ರೇಖೆ ಬೆಳಗುವ ತಾರೆಗಳೆಲ್ಲ ಎಳೆಯವೇ?

ಪ್ರಶ್ನೆ:
ಮಹಾವ್ಯಾಧದ (ಓರಿಯನ್) ಆಣ್ವಿಕ ಮೋಡದ, ಅಂದರೆ ತಾರೆಗಳು ಹುಟ್ಟುವ ತಂಪಾದ ಅನಿಲ-ಧೂಳಿನ ಮೋಡದ, ಒಂದು ಭಾಗದಲ್ಲಿ ಎಳೆಯ ತಾರೆಗಳನ್ನು ಗುರುತಿಸುವ ಸ್ನಾತಕೋತ್ತರ ಯೋಜನೆಯಲ್ಲಿ ತೊಡಗಿದ್ದೇನೆ. ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿ ಸ್ಲಿಟ್ (ಬೆಳಕನ್ನು ಒಳಬಿಡುವ ಕಿರಿದಾದ ಸೀಳು) ಬಳಸದೆ, ಗ್ರಿಸಂ (ಬೆಳಕನ್ನು ರೋಹಿತವಾಗಿ ಹರಡುವ ಸಾಧನ) ಜೊತೆಗೆ ಹೈಡ್ರೋಜನ್ ಆಲ್ಫಾ ಫಿಲ್ಟರ್ ಇಟ್ಟು ತೆಗೆದ ಚಿತ್ರಗಳು ನನ್ನಲ್ಲಿವೆ. ಪ್ರತಿ ತಾರೆಯೂ ಒಂದು ಗಿಡ್ಡ ಗೀಟಾಗಿ ಮೂಡಿದ್ದು, ಕೆಲವು ಗೀಟುಗಳಲ್ಲಿ ಹೈಡ್ರೋಜನ್ ಆಲ್ಫಾ ರೇಖೆಯ ತರಂಗಾಂತರವಾದ 6563 ಆಂಗ್‌ಸ್ಟ್ರಾಂ ಬಳಿ ಚುಕ್ಕೆಯೊಂದು ಎದ್ದು ಕಾಣುತ್ತದೆ. ಆದರೆ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಲ್ಲಿ ಅವಕೆಂಪು ಬೆಳಕು ಹೆಚ್ಚಾಗಿರುವ ಕೆಲವು ತಾರೆಗಳಲ್ಲಿ ಆ ಚುಕ್ಕೆಯಿಲ್ಲ. ಚುಕ್ಕೆಯಿರುವ ಕೆಲವದರಲ್ಲಿ ಅವಕೆಂಪು ಹೆಚ್ಚಳವಿಲ್ಲ. ಯಾವುದನ್ನು ಪಟ್ಟಿಗೆ ಸೇರಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಎರಡೂ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ. ಅವಕೆಂಪು ಹೆಚ್ಚಳ ತಾರೆಯ ಸುತ್ತಲಿನ ಧೂಳಿನ ತಟ್ಟೆಯನ್ನು ತೋರಿಸಿದರೆ, ಪ್ರಬಲ ಆಲ್ಫಾ ರೇಖೆಯು ಆ ತಟ್ಟೆಯಿಂದ ಕಾಂತಕ್ಷೇತ್ರದ ಗುಂಟ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ತಾರೆಯ ಮೇಲೆ ಬೀಳುತ್ತಿರುವ ಅನಿಲವನ್ನು ತೋರಿಸುತ್ತದೆ. ತಟ್ಟೆ ಉಳಿದು ಅನಿಲದ ಸುರಿತ ನಿಂತಿರಬಹುದು, ಅಥವಾ ನೀವು ಚಿತ್ರ ತೆಗೆದ ರಾತ್ರಿ ಕ್ಷೀಣವಾಗಿದ್ದಿರಬಹುದು. ದಟ್ಟ ಧೂಳಿನ ಹಿಂದಿನ ತಾರೆಯಾದರೆ ಕೆಂಪು ಬೆಳಕಿನಲ್ಲಿ ಗೀಟೇ ಸರಿಯಾಗಿ ಮೂಡುವುದಿಲ್ಲ. ಸ್ಲಿಟ್ ಇಲ್ಲದ್ದರಿಂದ ನೀಹಾರಿಕೆಯ ಹೊಳಪು ಹಿನ್ನೆಲೆಯಲ್ಲಿ ಹರಡಿ ದುರ್ಬಲ ರೇಖೆಗಳನ್ನು ನುಂಗುತ್ತದೆ ಎಂಬುದನ್ನೂ ಗಮನಿಸಿ.

ಉತ್ತರ 2:
10 ಆಂಗ್‌ಸ್ಟ್ರಾಂ ಸಮಾನ ಅಗಲ (ತಾರೆಯ ಸ್ವಂತ ಬೆಳಕಿಗೆ ಹೋಲಿಸಿದ ರೇಖೆಯ ಬಲದ ಅಳತೆ) ಎಂಬ ಹಳೆಯ ಮಿತಿಯನ್ನು ಎಲ್ಲ ತಾರೆಗಳಿಗೂ ಹಾಕಬೇಡಿ. ತಂಪಾದ ತಾರೆಯ ಸ್ವಂತ ಕೆಂಪು ಬೆಳಕು ಮಂದವಾಗಿರುವುದರಿಂದ ಅದರ ವರ್ಣಗೋಳದ (ಮೇಲ್ಮೈಗಿಂತ ಮೇಲಿನ ಅನಿಲ ಪದರದ) ಸಾಮಾನ್ಯ ಚಟುವಟಿಕೆಯೇ ದೊಡ್ಡ ಅಳತೆ ಕೊಡುತ್ತದೆ. 2003ರಲ್ಲಿ ವೈಟ್ ಮತ್ತು ಬಸ್ರಿ ಸೂಚಿಸಿದ ಮಿತಿ, ಬಿಸಿಯಿಂದ ತಂಪಿಗೆ ಸಾಗುವ ರೋಹಿತ ವರ್ಗಗಳಲ್ಲಿ, ಕೆ0–ಕೆ5ಕ್ಕೆ 3, ಕೆ7–ಎಂ2.5ಕ್ಕೆ 10, ಎಂ3–ಎಂ5.5ಕ್ಕೆ 20 ಆಂಗ್‌ಸ್ಟ್ರಾಂ. ಅದರ ಕೆಳಗಿರುವವು ಎಳೆಯವಲ್ಲ ಎಂದು ಇದರ ಅರ್ಥವಲ್ಲ. ದುರ್ಬಲ ರೇಖೆಯ ಟಿ ಟೌರಿ ತಾರೆಗಳು (ಆಲ್ಫಾ ರೇಖೆ ಕ್ಷೀಣವಾಗಿರುವ ಎಳೆಯ ತಾರೆಗಳು) ಹೆಚ್ಚಾಗಿ ಕ್ಷ-ಕಿರಣ ವೀಕ್ಷಣೆಯಿಂದಲೇ ಬೆಳಕಿಗೆ ಬಂದವು. ಆದ್ದರಿಂದ ಆಲ್ಫಾ ಸಮೀಕ್ಷೆಯೊಂದರಿಂದಲೇ ಮೋಡದ ತಾರೆಗಳ ಒಟ್ಟು ಸಂಖ್ಯೆಯನ್ನು ಹೇಳುವುದು, ನನ್ನ ಅಭಿಪ್ರಾಯದಲ್ಲಿ, ದುಡುಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎಳೆತನದ ಗುರುತಾದ ಲಿಥಿಯಂ ನೋಡಲು ಸ್ಲಿಟ್ ರೋಹಿತ ಬೇಕು, ಆದರೆ ವೀಕ್ಷಣಾ ಸಮಯ ಕಡಿಮೆ. ಯಾವುದಕ್ಕೆ ಆದ್ಯತೆ ಕೊಡಲಿ?

ಉತ್ತರ 2:
ಮೊದಲು ಗಾಯಾ ಉಪಗ್ರಹ ಅಳೆದ ದೂರಗಳನ್ನು ನೋಡಿ, ಮೋಡದ ದೂರವಾದ ಸುಮಾರು 1300 ಜ್ಯೋತಿರ್ವರ್ಷಕ್ಕಿಂತ ಬಹಳ ಈಚೆಗಿರುವ ಚುರುಕಿನ ಎಂ ಕುಬ್ಜಗಳನ್ನು (ಎಳೆಯವಲ್ಲದಿದ್ದರೂ ಆಲ್ಫಾ ರೇಖೆ ಬೆಳಗುವ ಸಣ್ಣ, ತಂಪು ತಾರೆಗಳನ್ನು) ಕೈಬಿಡಿ. ಪ್ರಬಲ ರೇಖೆ, ಅವಕೆಂಪು ಹೆಚ್ಚಳ ಎರಡೂ ಇರುವವುಗಳಿಗೆ ಸಮಯ ವ್ಯಯಿಸುವ ಅಗತ್ಯವಿಲ್ಲ. ಮಿತಿಯ ಆಸುಪಾಸಿನಲ್ಲಿದ್ದು, ಅವಕೆಂಪು ಹೆಚ್ಚಳವಿಲ್ಲದೆ, ದೂರ ಮಾತ್ರ ಮೋಡದ ದೂರಕ್ಕೆ ಹೊಂದುವ ತಾರೆಗಳಲ್ಲಿ 6708 ಆಂಗ್‌ಸ್ಟ್ರಾಂನ ಲಿಥಿಯಂ ಹೀರಿಕೆ ರೇಖೆಯನ್ನು ಹುಡುಕಿ.